ತವರಲ್ಲಿ ಇಲ್ಲದ ಕೆಮ್ಮು

(ಕಲಿಕಾ ಕೇಂದ್ರದ ಅಕ್ಕತಂಗಿಯರ ಮುಂದೆ ಆಡಿದ ಮಾತು)



ಇವತ್ತು ನಾವು ಒಂದು ಪದ ಓದೋಣ. ಬೂಷ್ಟು. ಬೂ - ಷ್ಟು. ಷಕಾರಕ್ಕೆ ಟಕಾರದ ಒತ್ತು ಇದೆ, ನೋಡಿಕೊಳ್ಳಿ. ಕೆಲವು ಊರಿನಲ್ಲಿ ಇದಕ್ಕೆ ಬೂಸರು ಅಂತಾರೆ. ಓದಲು ಹೊಸ ಪದ ಇರಬಹುದು. ಆದರೆ ನೋಡಿ ನೋಡಿ ಹಳೆಯದಾದ ವಸ್ತು.

ನಮ್ಮದು ಮಲೆನಾಡು. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆರಿದ್ರಾ ಮಳೆ ಹಿಡಿದರೆ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವವರೆಗೆ ಬಟ್ಟೆ ಒಣಗುವುದಿಲ್ಲ. ಗೋಡೆ ಬೆವರುತ್ತದೆ. ಬೀರುವಿನ ಹಿಂದೆ ಕಪ್ಪು ಚುಕ್ಕೆ ಬರುತ್ತದೆ. ಚರ್ಮದ ಚಪ್ಪಲಿ ಮೇಲೆ ಬಿಳಿ ಹೊದಿಕೆ. ಉಪ್ಪಿನಕಾಯಿ ಭರಣಿಯ ಬಾಯಲ್ಲಿ ಹಸಿರು ಪುಡಿ. ಅಟ್ಟದ ಕಂಬಳಿ ಬಿಡಿಸಿದರೆ ಮುಗ್ಗಲು ವಾಸನೆ. ಇದೆಲ್ಲ ಬೂಷ್ಟೇ.

ಬೂಷ್ಟು ಕೊಳೆಯಲ್ಲ. ಅದಕ್ಕೆ ಜೀವ ಇದೆ. ಅಣಬೆಯ ಜಾತಿಯದು. ಅಣಬೆ ಕಣ್ಣಿಗೆ ಕಾಣುವಷ್ಟು ದೊಡ್ಡದು, ಬೂಷ್ಟು ಬಹಳ ಸಣ್ಣದು. ಅದು ಬೀಜಕ ಅನ್ನುವ ಸಣ್ಣ ಕಣಗಳನ್ನು ಗಾಳಿಗೆ ಬಿಡುತ್ತದೆ. ಒಂದು ರಾಗಿ ಕಾಳಿನ ಅಗಲದಲ್ಲಿ ನೂರಕ್ಕೂ ಹೆಚ್ಚು ಬೀಜಕಗಳನ್ನು ಸಾಲಾಗಿ ಜೋಡಿಸಬಹುದು. ಅಷ್ಟು ಸಣ್ಣವು. ಹಾಗಾಗಿ ಗಾಳಿಯಲ್ಲಿ ತೇಲುತ್ತವೆ. ನಾವು ಉಸಿರು ಎಳೆದರೆ ಒಳಗೂ ಹೋಗುತ್ತವೆ. ತೇವ ಸಿಕ್ಕ ಕಡೆ ಬೀಜಕ ಮೊಳೆಯುತ್ತದೆ. ಒದ್ದೆಯಾದ ಗೋಡೆ, ಒದ್ದೆಯಾದ ಹಾಸಿಗೆ ಒಂದೆರಡು ದಿನ ಹಾಗೇ ಇದ್ದರೆ ಸಾಕು, ಬೂಷ್ಟು ಶುರು.

ಬೂಷ್ಟಿನಿಂದ ಒಳ್ಳೆಯದೂ ಆಗಿದೆ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿ ಒಂದು ಬೂಷ್ಟಿನಲ್ಲೇ ಪೆನಿಸಿಲಿನ್ ಔಷಧ ಇರುವುದನ್ನು ಕಂಡುಹಿಡಿದ. ಆ ಔಷಧ ಲಕ್ಷಾಂತರ ಜೀವ ಉಳಿಸಿದೆ. ಆದ್ದರಿಂದ ಬೂಷ್ಟು ಅಂದರೆ ಶಾಪ ಅಲ್ಲ, ದೃಷ್ಟಿ ಅಲ್ಲ. ಆದರೆ ಕೆಲವರಿಗೆ ಅದು ಆಗಿಬರುವುದಿಲ್ಲ. ಆ ಆಗಿಬಾರದಿರುವುದಕ್ಕೆ ಡಾಕ್ಟರು ಅಲರ್ಜಿ ಅಂತಾರೆ.

ಅಲರ್ಜಿ ಅಂದರೇನು?

ನಮ್ಮ ಮನೆ ನಾಯಿ ಕಳ್ಳನನ್ನು ಕಂಡರೆ ಬೊಗಳುತ್ತದೆ. ಅದು ಸರಿ. ನೆಂಟರನ್ನು ಕಂಡರೂ ಮೈಮೇಲೆ ಬಿದ್ದು ಬೊಗಳಿದರೆ? ನಮ್ಮ ಮೈಯಲ್ಲೂ ಒಂದು ಕಾವಲು ಇದೆ. ರೋಗದ ಕ್ರಿಮಿ ಬಂದರೆ ಅದು ಹೋರಾಡುತ್ತದೆ. ಕೆಲವರ ಮೈಯ ಕಾವಲು ಬೂಷ್ಟಿನ ಬೀಜಕವನ್ನೂ ದೊಡ್ಡ ಶತ್ರು ಅಂತ ತಿಳಿಯುತ್ತದೆ. ಆಗ ಸೀನು ಬರುತ್ತದೆ. ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ. ಕೆಲವರಿಗೆ ಕೆಮ್ಮು, ಎದೆ ಬಿಗಿತ, ಉಸಿರಿನಲ್ಲಿ ಸುಯ್ ಸುಯ್ ಸದ್ದು. ಅದನ್ನೇ ನಾವು ಗೂರಲು ಅಂತೀವಿ, ಉಬ್ಬಸ ಅಂತೀವಿ, ದಮ್ಮು ಅಂತೀವಿ. ಅಲರ್ಜಿ ಎಂಬ ಪದವನ್ನು 1906ರಲ್ಲಿ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬ ಡಾಕ್ಟರ್ ಮೊದಲು ಬಳಸಿದರು.

ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಒಂದೇ ಮನೆಯಲ್ಲಿ ಹತ್ತು ಜನ ಇದ್ದು ಒಬ್ಬರಿಗೆ ಮಾತ್ರ ಬರಬಹುದು. ಇಲ್ಲೇ ತೊಂದರೆ ಇರುವುದು. ಉಳಿದ ಒಂಬತ್ತು ಜನ ಕೇಳುತ್ತಾರೆ, “ನಮಗೆ ಇಲ್ಲದ್ದು ನಿನಗೇನು?”

ಒಬ್ಬ ಅಕ್ಕನ ಕಥೆ

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ವಿಷಯ ಹೇಳ್ತೀನಿ. ಹೆಸರು ಬೇಡ. ಹೇಳಿ ಅಂತ ಅವರೇ ಒಪ್ಪಿದ್ದಾರೆ.

ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವರಿಗೆ ಮಳೆಗಾಲ ಪೂರ್ತಿ ಕೆಮ್ಮು. ರಾತ್ರಿ ಎದ್ದು ಕೂರಬೇಕು. ತವರಿಗೆ ಹೋದರೆ ಕೆಮ್ಮು ಇಲ್ಲ. ವಾಪಸ್ಸು ಬಂದರೆ ಮತ್ತೆ ಕೆಮ್ಮು. ಅತ್ತೆ ಅಂದರು, “ತವರಲ್ಲಿ ಇಲ್ಲದ ಕೆಮ್ಮು ಇಲ್ಲಿ ಬರುತ್ತೆ ಅಂದ್ರೆ ಅದು ಕೆಮ್ಮಲ್ಲ, ಕೆಲಸಗಳ್ಳತನ.” ಗಂಡನೂ ಸುಮ್ಮನಿದ್ದರು. ಆ ಅಕ್ಕನಿಗೇ ಕೊನೆಗೆ ಅನುಮಾನ ಬಂತು. ನನ್ನ ಮನಸ್ಸೇ ಸರಿ ಇಲ್ಲವೇನೋ ಅಂತ.

ಅಕ್ಕಂದಿರೇ, ತವರಲ್ಲಿ ಕೆಮ್ಮು ಇಲ್ಲ, ಇಲ್ಲಿ ಇದೆ ಅನ್ನುವುದು ಸುಳ್ಳಿನ ಗುರುತಲ್ಲ. ಅದು ದೊಡ್ಡ ಸುಳಿವು. ಈ ಮನೆಯಲ್ಲಿ ಯಾವುದೋ ಒಂದು ಅವರಿಗೆ ಆಗಿಬರುತ್ತಿಲ್ಲ ಅಂತ ಅರ್ಥ. ಅದು ಬೂಷ್ಟೋ, ಧೂಳೋ, ಹೊಗೆಯೋ ನೋಡಬೇಕು ಅಷ್ಟೆ.

ಹೇಗೆ ನೋಡುವುದು? ಮನೆಯಲ್ಲೇ ಪರೀಕ್ಷೆ ಮಾಡಬಹುದೇ? ಇದನ್ನು ನನ್ನನ್ನು ಬಹಳ ಜನ ಕೇಳಿದ್ದಾರೆ. ನಾನು ಡಾಕ್ಟರಲ್ಲ, ಶಾಲೆ ಟೀಚರು. ಓದಿ ತಿಳಿದದ್ದನ್ನು, ಡಾಕ್ಟರನ್ನು ಕೇಳಿ ತಿಳಿದದ್ದನ್ನು ಹೇಳ್ತೀನಿ.

ಮಾಡಬಾರದ ಪರೀಕ್ಷೆಗಳು

ಒಂದನೆಯದು, ಬ್ರೆಡ್ಡಿನ ಪರೀಕ್ಷೆ. ಕೋಣೆಯಲ್ಲಿ ಬ್ರೆಡ್ಡಿನ ಚೂರು ಇಟ್ಟು, ಬೂಷ್ಟು ಬಂದರೆ ನನಗೆ ಅಲರ್ಜಿ ಅಂತ ತಿಳಿಯುವುದು. ಇದು ತಪ್ಪು. ಒದ್ದೆ ಬ್ರೆಡ್ಡನ್ನು ಎಲ್ಲಿಟ್ಟರೂ ಕೆಲವು ದಿನದಲ್ಲಿ ಬೂಷ್ಟು ಬರುತ್ತದೆ. ತುಂಬಾ ಚೊಕ್ಕಟ ಮನೆಯಲ್ಲೂ ಬರುತ್ತದೆ. ಬೀಜಕ ಇಲ್ಲದ ಗಾಳಿ ಇಲ್ಲ. ಗಾಳಿಯಲ್ಲಿ ಬೂಷ್ಟು ಇದೆ ಅಂತ ಗೊತ್ತಾಗುತ್ತದೆ. ನಿಮ್ಮ ಮೈಗೆ ಅದು ಆಗುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ.

ಎರಡನೆಯದು, ಬೂಷ್ಟನ್ನು ಕೈಗೆ ಉಜ್ಜಿ ನೋಡುವುದು, ಮೂಸಿ ನೋಡುವುದು. ಇದನ್ನು ಮಾಡಲೇ ಬೇಡಿ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ಡಾಕ್ಟರ್ ಇದ್ದ. ಹೂವಿನ ಪರಾಗ ತನಗೆ ಆಗುವುದಿಲ್ಲ ಅಂತ ತಿಳಿಯಲು ತನ್ನ ಚರ್ಮವನ್ನೇ ಗೀರಿ ಪರಾಗ ಹಚ್ಚಿಕೊಂಡ. ಬೂಷ್ಟಿನ ಬೀಜಕಗಳಿಂದ ತನ್ನ ಉಸಿರಿಗೆ ತೊಂದರೆ ಆಯಿತು ಅಂತಲೂ 1873ರಲ್ಲಿ ಬರೆದ. ಅವನು ಡಾಕ್ಟರಾಗಿದ್ದ. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ನಮಗೆ ಈಗ ಬೇರೆ ದಾರಿ ಇದೆ. ಗೂರಲು ಇರುವವರು ಬೂಷ್ಟು ಮೂಸಿದರೆ ಉಸಿರು ಕಟ್ಟಿ ಜೀವಕ್ಕೇ ಬರಬಹುದು.

ಮೂರನೆಯದು, ಕೊಂಡು ತರುವ ಪರೀಕ್ಷೆ. ಮನೆಯಲ್ಲೇ ರಕ್ತದ ಹನಿ ತೆಗೆದು ನೋಡಿ, ಕೂದಲು ಕಳಿಸಿ, ಅಲರ್ಜಿ ಹೇಳ್ತೀವಿ ಅಂತ ಮೊಬೈಲಿನಲ್ಲಿ ಜಾಹೀರಾತು ಬರುತ್ತವೆ. ಕೂದಲು ನೋಡಿ ಅಲರ್ಜಿ ಹೇಳಲು ಆಗುವುದಿಲ್ಲ. ರಕ್ತದ ಪರೀಕ್ಷೆ ಇದೆ, ನಿಜ. ಆದರೆ ಅದರ ಫಲಿತಾಂಶಕ್ಕೆ ಅರ್ಥ ಹೇಳಲು ಡಾಕ್ಟರೇ ಬೇಕು. ಕಷ್ಟಪಟ್ಟು ಕೂಡಿಸಿದ ದುಡ್ಡನ್ನು ಇದಕ್ಕೆ ಹಾಕಬೇಡಿ.

ನಮ್ಮ ಕೈಯಲ್ಲಿರುವ ಪರೀಕ್ಷೆ

ಹಾಗಾದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲವೇ? ಇದೆ. ಅದಕ್ಕೆ ಬೇಕಾದದ್ದು ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್. ನೀವು ಕಲಿತ ಅಕ್ಷರ.

ಹಾಳೆಯ ಮೇಲೆ ಗೆರೆ ಎಳೆದು ನಾಲ್ಕು ಮನೆ ಮಾಡಿ. ಮೊದಲ ಮನೆಯಲ್ಲಿ ತಾರೀಕು. ಎರಡನೆಯದರಲ್ಲಿ ಎಲ್ಲಿದ್ದೆ, ಏನು ಕೆಲಸ ಮಾಡಿದೆ. ಮೂರನೆಯದರಲ್ಲಿ ಏನು ತೊಂದರೆ ಬಂತು, ಎಷ್ಟು ಹೊತ್ತಿಗೆ ಬಂತು. ನಾಲ್ಕನೆಯದರಲ್ಲಿ ರಾತ್ರಿ ಎಲ್ಲಿ ಮಲಗಿದೆ. ನಾಲ್ಕು ವಾರ ಬರೆಯಿರಿ. ತೊಂದರೆ ಇಲ್ಲದ ದಿನವೂ “ಏನೂ ಇಲ್ಲ” ಅಂತ ಬರೆಯಿರಿ. ಆ ದಿನವೂ ಲೆಕ್ಕಕ್ಕೆ ಬೇಕು.

ಆ ಅಕ್ಕ ಬರೆದದ್ದು ಹೀಗಿತ್ತು:

ಜುಲೈ 8. ಅಟ್ಟದಿಂದ ಕಂಬಳಿ ತೆಗೆದೆ. ತುಂಬ ಸೀನು, ಕಣ್ಣು ತುರಿಕೆ. ರಾತ್ರಿ ಕೆಮ್ಮು. ಹಿಂದಿನ ಕೋಣೆ.

ಜುಲೈ 9. ಗದ್ದೆ ಕೆಲಸ. ಹಗಲು ಏನೂ ಇಲ್ಲ. ರಾತ್ರಿ ಕೆಮ್ಮು, ಎದ್ದು ಕೂತೆ. ಹಿಂದಿನ ಕೋಣೆ.

ಗದ್ದೆ ಕೆಲಸ ಮಾಡಿದ ಹಗಲು ಕೆಮ್ಮಿಲ್ಲ, ಮಲಗಿದ ಮೇಲೆ ಕೆಮ್ಮು. ಇದನ್ನು ಕೆಲಸಗಳ್ಳತನ ಅನ್ನಲು ಬರುತ್ತದೆಯೇ?

ಹಿಂದಿನ ಕೋಣೆಯ ಹಂಚು ಒಡೆದಿತ್ತು. ಗೋಡೆ ಒದ್ದೆ, ಮೂಲೆಯಲ್ಲಿ ಕಪ್ಪು ಬೂಷ್ಟು. ಹಾಸಿಗೆಯೂ ಹಳೆಯದು. ಅಲ್ಲಿ ಅವರು 14 ರಾತ್ರಿ ಮಲಗಿದ್ದರು. ಅದರಲ್ಲಿ 10 ರಾತ್ರಿ ಕೆಮ್ಮು. ಆಮೇಲೆ ತವರಿಗೆ ಹೋಗಿ 4 ರಾತ್ರಿ ಇದ್ದರು. ಒಂದು ರಾತ್ರಿಯೂ ಕೆಮ್ಮಿಲ್ಲ. ವಾಪಸ್ಸು ಬಂದ ಮೇಲೆ ನಡುಮನೆಯಲ್ಲಿ ಬೇರೆ ಚಾಪೆ ಹಾಕಿಕೊಂಡು 10 ರಾತ್ರಿ ಮಲಗಿದರು. ಅದರಲ್ಲಿ 2 ರಾತ್ರಿ ಮಾತ್ರ ಕೆಮ್ಮು. ಆ ಎರಡು ದಿನ ಏನು ಬರೆದಿದ್ದರು? “ಬಣವೆಯಿಂದ ಹುಲ್ಲು ಎಳೆದೆ. ಹುಲ್ಲು ಬೂಷ್ಟು ಹಿಡಿದಿತ್ತು.”

14, 4, 10. ಕೂಡಿಸಿ ನೋಡಿ. 28 ದಿನ. ನಾಲ್ಕು ವಾರ. ಗೋಡೆಯ ಒಳಗೆ ಅಡಗಿದ್ದ ವಿಷಯ ಹಾಳೆಯ ಮೇಲೆ ಬಂತು. ಅತ್ತೆಗೆ ಓದಲು ಬರುವುದಿಲ್ಲ. ಮೊಮ್ಮಗಳು ಓದಿ ಹೇಳಿದಳು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರಂತೆ, “ಆ ಹಂಚು ಹೋದ ವರ್ಷವೇ ಹಾಕಿಸಬೇಕಿತ್ತು.”

ಒಂದು ಎಚ್ಚರಿಕೆ ಹೇಳಬೇಕು. ಈ ಪುಸ್ತಕ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಹಳೆಯ ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿ ಇರುತ್ತದೆ. ಜಿರಲೆ, ಬೆಕ್ಕಿನ ಕೂದಲು, ಪರಾಗ ಇವುಗಳಿಂದಲೂ ಅಲರ್ಜಿ ಬರುತ್ತದೆ. ಸೌದೆ ಒಲೆಯ ಹೊಗೆಯಿಂದಲೂ ಕೆಮ್ಮು ಬರುತ್ತದೆ. ಸುಮ್ಮನೆ ಬೂಷ್ಟೇ ಅಂತ ಹೇಳಿಬಿಡಲು ಆಗುವುದಿಲ್ಲ. ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಬೇಕು.

ಇನ್ನೊಂದು ಮಾತು. ಕೆಮ್ಮು ಎರಡು ವಾರ ದಾಟಿದರೆ ಪುಸ್ತಕ ತುಂಬಲಿ ಅಂತ ಕಾಯಬೇಡಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಕ್ಷಯ ಇದೆಯೋ ಇಲ್ಲವೋ ತಿಳಿಯಬೇಕು. ಆ ಪರೀಕ್ಷೆಗೆ ದುಡ್ಡಿಲ್ಲ. ಆ ಅಕ್ಕನೂ ಮೊದಲು ಅದನ್ನೇ ಮಾಡಿಸಿದ್ದು. ಕ್ಷಯ ಇರಲಿಲ್ಲ.

ಡಾಕ್ಟರು ಏನು ಮಾಡುತ್ತಾರೆ?

ಮೊದಲು ಕೇಳುತ್ತಾರೆ. ಯಾವಾಗ, ಎಲ್ಲಿ, ಎಷ್ಟು ದಿನದಿಂದ? ಆಸ್ಪತ್ರೆಯಲ್ಲಿ ಜನ ಜಾಸ್ತಿ, ನಮಗೆ ಗಾಬರಿ. ಬಾಯಿಗೆ ಮಾತು ಬರುವುದಿಲ್ಲ. ಆಗ ಪುಸ್ತಕ ಮುಂದಿಡಿ. ಎದೆಗೆ ಕೊಳವೆ ಇಟ್ಟು ಕೇಳುತ್ತಾರೆ. ಒಂದು ಸಲಕರಣೆಗೆ ಜೋರಾಗಿ ಊದಿಸಿ ಉಸಿರಿನ ಬಲ ನೋಡುತ್ತಾರೆ.

ಅಲರ್ಜಿಗೆ ಚರ್ಮದ ಪರೀಕ್ಷೆ ಇದೆ. ಎಲ್ಲ ಆಸ್ಪತ್ರೆಯಲ್ಲೂ ಇಲ್ಲ. ದೊಡ್ಡ ಆಸ್ಪತ್ರೆಗೆ, ಮೆಡಿಕಲ್ ಕಾಲೇಜಿಗೆ ಹೋಗಬೇಕಾಗಬಹುದು. ಮುಂಗೈ ಒಳಭಾಗದ ಮೇಲೆ ಬೇರೆ ಬೇರೆ ಔಷಧದ ಹನಿ ಇಡುತ್ತಾರೆ. ಒಂದು ಹನಿ ಬೂಷ್ಟಿನದು, ಒಂದು ಧೂಳಿನ ನುಸಿಯದು, ಒಂದು ಪರಾಗದ್ದು, ಹೀಗೆ. ಹನಿಯ ಮೇಲೆ ಸಣ್ಣ ಮೊನೆಯಿಂದ ಮೆಲ್ಲಗೆ ಚುಚ್ಚುತ್ತಾರೆ. ಸೊಳ್ಳೆ ಕಚ್ಚಿದಷ್ಟು ನೋವು. ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ಆಗಿಬರದ ಹನಿಯ ಜಾಗದಲ್ಲಿ ದದ್ದು ಏಳುತ್ತದೆ, ತುರಿಸುತ್ತದೆ. ಅದನ್ನು ಅಳತೆ ಮಾಡುತ್ತಾರೆ. ಅಪರೂಪಕ್ಕೆ ಯಾರಿಗಾದರೂ ಜೋರು ಅಲರ್ಜಿ ಆದರೆ ಔಷಧ ಕೊಡಲು ಪಕ್ಕದಲ್ಲಿ ಡಾಕ್ಟರ್ ಇರುತ್ತಾರೆ. ಮನೆಯಲ್ಲಿ ಯಾರಿದ್ದಾರೆ? ಅದಕ್ಕೇ ಹೇಳಿದ್ದು, ಉಜ್ಜಿ ನೋಡಬೇಡಿ ಅಂತ.

ನೆಗಡಿ, ತುರಿಕೆಗೆ ನುಂಗುವ ಕೆಲವು ಮಾತ್ರೆ ಇದ್ದರೆ ಈ ಪರೀಕ್ಷೆ ಸರಿಯಾಗಿ ತೋರಿಸುವುದಿಲ್ಲ. ಯಾವ ಮಾತ್ರೆ ನುಂಗುತ್ತಿದ್ದೀರಿ ಅಂತ ಮೊದಲೇ ಹೇಳಿ. ಯಾವುದನ್ನು ಎಷ್ಟು ದಿನ ಬಿಡಬೇಕು ಅಂತ ಅವರೇ ಹೇಳುತ್ತಾರೆ. ಗೂರಲಿನ ಔಷಧವನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ದದ್ದು ಎದ್ದ ಮಾತ್ರಕ್ಕೆ ಅದೇ ಕಾಯಿಲೆಗೆ ಕಾರಣ ಅಂತ ಅಲ್ಲ. ಕೆಲವರಿಗೆ ದದ್ದು ಏಳುತ್ತದೆ, ಆದರೆ ದಿನದ ಬದುಕಿನಲ್ಲಿ ಏನೂ ತೊಂದರೆ ಇರುವುದಿಲ್ಲ. ದದ್ದು ಮತ್ತು ನಿಮ್ಮ ಪುಸ್ತಕ, ಎರಡೂ ಒಂದೇ ಮಾತು ಹೇಳಬೇಕು. ಆಗಲೇ ಡಾಕ್ಟರಿಗೆ ಧೈರ್ಯ. ಆ ಅಕ್ಕನಿಗೆ ಬೂಷ್ಟಿನ ಹನಿಗೂ ದದ್ದು ಎದ್ದಿತು, ಧೂಳಿನ ನುಸಿಯ ಹನಿಗೂ ಎದ್ದಿತು. ಡಾಕ್ಟರು ಎಳೆದುಕೊಳ್ಳುವ ಔಷಧ ಬರೆದುಕೊಟ್ಟರು. ಅದನ್ನು ಇನ್‌ಹೇಲರ್ ಅಂತಾರೆ. ಅದು ಚಟ ಆಗುತ್ತದೆ ಅನ್ನುವುದು ಸುಳ್ಳು. ಔಷಧ ನೇರ ಎದೆಗೆ ಹೋಗುತ್ತದೆ, ಅದಕ್ಕೇ ಸ್ವಲ್ಪವೇ ಸಾಕು.

ಹುಲ್ಲು, ಧಾನ್ಯದ ಕೆಲಸ ಮಾಡುವವರು ಇದನ್ನೂ ತಿಳಿಯಿರಿ. ಬೂಷ್ಟು ಹಿಡಿದ ಹುಲ್ಲು ಕೊಡವಿದ ನಾಲ್ಕರಿಂದ ಎಂಟು ಗಂಟೆ ಆದ ಮೇಲೆ ಚಳಿ, ಜ್ವರ, ಒಣ ಕೆಮ್ಮು, ಏದುಸಿರು ಬಂದರೆ ಅದು ಬೇರೆ ಕಾಯಿಲೆ ಇರಬಹುದು. ಶ್ವಾಸಕೋಶವೇ ಹಾಳಾಗುವ ಕಾಯಿಲೆ ಅದು. ಚರ್ಮದ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. “ಹುಲ್ಲಿನ ಕೆಲಸ ಮಾಡಿದ್ದೆ” ಅಂತ ಡಾಕ್ಟರಿಗೆ ಹೇಳಲೇಬೇಕು.

ಮನೆಯಲ್ಲಿ ಏನು ಮಾಡೋಣ?

ತೇವ ನಿಲ್ಲಿಸದೆ ಬೂಷ್ಟು ನಿಲ್ಲುವುದಿಲ್ಲ. ಬೂಷ್ಟಿನ ಮೇಲೆ ಸುಣ್ಣ ಬಳಿದು ಮುಚ್ಚಿದರೆ ಮತ್ತೆ ಬರುತ್ತದೆ. ಮೊದಲು ಹಂಚು ಸರಿ ಮಾಡಿ. ಸೋರುವ ನಲ್ಲಿ ಸರಿ ಮಾಡಿ.

ಬೀರುವನ್ನು ಗೋಡೆಗೆ ಅಂಟಿಸಿ ಇಡಬೇಡಿ. ಒಂದು ಗೇಣು ಜಾಗ ಬಿಡಿ, ಗಾಳಿ ಆಡಲಿ. ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಬೇಡಿ. ಬಿಸಿಲು ಕಂಡ ದಿನ ಹಾಸಿಗೆ, ಕಂಬಳಿ ಹೊರಗೆ ಹಾಕಿ. ತೀರಾ ಬೂಷ್ಟು ತಿಂದ ಹಾಸಿಗೆ, ದಿಂಬು ಇಟ್ಟುಕೊಳ್ಳಬೇಡಿ.

ಗೋಡೆಯ ಬೂಷ್ಟನ್ನು ಒಣ ಪೊರಕೆಯಲ್ಲಿ ಉಜ್ಜಬೇಡಿ. ಬೀಜಕ ಎಲ್ಲಾ ಕಡೆ ಹಾರುತ್ತದೆ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಗೋಡೆ ಒಣಗಲು ಬಿಡಿ. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ, ಕಿಟಕಿ ತೆಗೆದಿಡಿ. ಬ್ಲೀಚಿಂಗ್ ಪುಡಿಯನ್ನು ಬಚ್ಚಲು ತೊಳೆಯುವ ಆಸಿಡ್ ಜೊತೆ ಯಾವತ್ತೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ.

ಮುಖ್ಯವಾದ ಮಾತು. ಅಲರ್ಜಿ ಇರುವವರು ಈ ಕೆಲಸ ಮಾಡಬಾರದು. ಮನೆಯ ಬೇರೆಯವರು ಮಾಡಬೇಕು. ಗಂಡಸರೂ ಮಾಡಬಹುದು. ಗೋಡೆ ಒರೆಸಿದರೆ ಮೀಸೆ ಉದುರುವುದಿಲ್ಲ. ಆ ಅಕ್ಕನ ಮನೆಯಲ್ಲಿ ಹಂಚು ಹಾಕಿದ್ದು, ಗೋಡೆ ಒರೆಸಿದ್ದು ಅವರ ಗಂಡನೇ. ಈಗ ಹುಲ್ಲು ಎಳೆಯುವುದೂ ಅವರೇ.

ಪೂರ್ತಿ ಗುಣ ಆಯಿತೇ? ಇಲ್ಲ. ಮಳೆಗಾಲದಲ್ಲಿ ಈಗಲೂ ಔಷಧ ಬೇಕು. ಆದರೆ ರಾತ್ರಿ ನಿದ್ದೆ ಬರುತ್ತದೆ. ಕೆಲಸಗಳ್ಳಿ ಅನ್ನುವ ಮಾತು ನಿಂತಿದೆ.

ಯಾವಾಗ ತಡ ಮಾಡಬಾರದು?

ಮಾತಾಡಲೂ ಆಗದಷ್ಟು ಏದುಸಿರು ಬಂದರೆ. ತುಟಿ, ಉಗುರು ನೀಲಿಯಾದರೆ. ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋದರೆ. ಔಷಧ ಎಳೆದುಕೊಂಡರೂ ಕಡಿಮೆಯಾಗದಿದ್ದರೆ. ಆಗ ಪುಸ್ತಕ ಬೇಡ, ಪರೀಕ್ಷೆ ಬೇಡ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೊರಡಿ. ಈ ಮೂರು ಅಂಕಿಯನ್ನು ಇವತ್ತೇ ಗೋಡೆಯ ಮೇಲೆ ಬರೆದಿಡಿ. 1, 0, 8.

ಅಕ್ಕಂದಿರೇ, ಅಕ್ಷರ ಕಲಿತು ಏನು ಮಾಡ್ತೀರಿ ಅಂತ ನಿಮ್ಮನ್ನು ಕೇಳುವವರಿದ್ದಾರೆ. ಬಸ್ಸಿನ ಬೋರ್ಡು ಓದುತ್ತೀರಿ, ಸಹಿ ಹಾಕುತ್ತೀರಿ, ಅದು ಸರಿ. ನಿಮ್ಮ ಮೈಗೆ ಏನಾಗುತ್ತಿದೆ ಅಂತ ನೀವೇ ಬರೆಯುವುದು ಅದಕ್ಕಿಂತ ಕಡಿಮೆ ಕೆಲಸವಲ್ಲ. ಬಾಯಿ ಮಾತನ್ನು “ಸುಮ್ನಿರು” ಅಂತ ತಳ್ಳಿಹಾಕಬಹುದು. ತಾರೀಕು ಹಾಕಿ ಬರೆದ 28 ದಿನದ ಲೆಕ್ಕವನ್ನು ತಳ್ಳಿಹಾಕುವುದು ಕಷ್ಟ.

ನಿಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಇಂಥ ಕೆಮ್ಮು ಇರುವವರು ಇದ್ದರೆ ಅವರಿಗೂ ಹೇಳಿ. ಬರೆಯಲು ಬಾರದವರಿಗೆ ನೀವು ಬರೆದುಕೊಡಿ. ಆಶಾ ಅಕ್ಕನನ್ನು ಕೇಳಿ, ಆಸ್ಪತ್ರೆಗೆ ಜೊತೆಯಾಗಿ ಹೋಗಿ.

ಓದಿ, ಉತ್ತರ ಬರೆಯಿರಿ

1. ಬೂಷ್ಟು ಎಂಥ ಜಾಗದಲ್ಲಿ ಬೆಳೆಯುತ್ತದೆ?
2. ಬ್ರೆಡ್ಡಿನ ಪರೀಕ್ಷೆಯಿಂದ ಅಲರ್ಜಿ ಯಾಕೆ ಗೊತ್ತಾಗುವುದಿಲ್ಲ?
3. “ತವರಲ್ಲಿ ಇಲ್ಲದ ಕೆಮ್ಮು” ಯಾವುದರ ಸುಳಿವು?
4. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಯಾವ ಪರೀಕ್ಷೆ ಮಾಡಿಸಬೇಕು?
5. ನಿಮ್ಮ ನೋಟ್ ಪುಸ್ತಕದಲ್ಲಿ ನಾಲ್ಕು ಮನೆ ಗೆರೆ ಎಳೆಯಿರಿ. ಇವತ್ತಿನ ತಾರೀಕಿನಿಂದ ಬರೆಯಲು ಶುರು ಮಾಡಿ.